ದೇಗು ಲಾ, ಅಜ್ಜಿ!

ನಮ್ಮ ಕೊರಿಯಾ ಪ್ರವಾಸದ ಬಗ್ಗೆ ಮಲೇಷ್ಯಾದ ಈ ನಿಲಾಯ್ ಊರಿನ ಕನ್ನಡಿಗರೆಲ್ಲ ಏನು ಮಾತಾಡಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತು. ಮಾತಾಡಲಿ! ನನ್ನ ಯೋಜನೆಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ದೇಗು ಎಂಬ ನಗರ. ಅಲ್ಲಿ ಉದ್ಯಾನ, ಬೆಟ್ಟ, ಊರ ಹಬ್ಬ. ಇನ್ನೇನು ಬೇಕು?

ಬೇಕಿದ್ದದ್ದು ಅತ್ತೆಯ ಒಪ್ಪಿಗೆ. ಉಡುಪಿಯಿಂದ ನಮ್ಮಲ್ಲಿಗೆ ಬಂದಿದ್ದ ಅವರು ದೇವಸ್ಥಾನ ಬಿಟ್ಟು ಬೇರೆಲ್ಲಿಗೂ ಹೊರಡುವವರಲ್ಲ. ಹೆಂಡತಿ ವಸುಧಾ ಮೊದಲೇ ಎಚ್ಚರಿಸಿದ್ದಳು: "ಅಮ್ಮ ಖುಷಿಯಾಗಿ ವಾಪಸ್ ಬರ್ಲಿಲ್ಲ ಅಂದ್ರೆ, ಇನ್ಮೇಲೆ ಟೂರ್ ಪ್ಲಾನ್ ಮಾಡೋದು ನೀವಲ್ಲ. ನೆನಪಿರ್ಲಿ!" ಈ ಮನೆಯ ಸಂಪುಟದಲ್ಲಿ ನನಗೆ ಉಳಿದಿದ್ದ ಏಕೈಕ ಖಾತೆ ಅದು.

"ಎಲ್ಲಿಗೆ ಹೋಗುವುದಂತೆ?" ಎಂದು ಅತ್ತೆ ಮೊಮ್ಮಗಳು ಇಶಾಳನ್ನು ಕೇಳಿದರು.

ಇಶಾ ಇಲ್ಲೇ ಮಲೇಷ್ಯಾದಲ್ಲಿ ಬೆಳೆದವಳು. ಇಲ್ಲಿಯವರಂತೆ ಪ್ರತಿ ಮಾತಿಗೂ 'ಲಾ' ಸೇರಿಸುತ್ತಾಳೆ. ಫೋನಿನಿಂದ ತಲೆ ಎತ್ತದೆ, "ದೇಗು ಲಾ, ಅಜ್ಜಿ" ಅಂದಳು.

ಅತ್ತೆಯ ಮುಖ ಅರಳಿತು. "ದೇಗುಲವಾ? ಹಾಗಾದ್ರೆ ನಾನೂ ಬರ್ತೇನೆ. ಅಲ್ಲಿ ಹಬ್ಬ ಉಂಟಾ?"

"ಇದೆ ಅತ್ತೆ, ದೊಡ್ಡ ಹಬ್ಬ!" ಅಂದೆ. ಗಮನಿಸಿ, ನಾನು ಸುಳ್ಳು ಹೇಳಿಲ್ಲ. ಪದ ಬಿಡಿಸಿ ಹೇಳಲಿಲ್ಲ, ಅಷ್ಟೆ. ವಸುಧಾ ನನ್ನನ್ನು ದುರುಗುಟ್ಟಿ ನೋಡಿದಳು. ಆದರೆ ಅಮ್ಮ ಒಪ್ಪಿದ ಖುಷಿಯಲ್ಲಿ ಅವರ ಬಟ್ಟೆ ಜೋಡಿಸಲು ಎದ್ದಳು.

ಹಬ್ಬದ ಬೆಳಿಗ್ಗೆ ದೇಗುವಿನ ಹೋಟೆಲಿನಲ್ಲಿ ಅತ್ತೆ ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಬಾಳೆಹಣ್ಣು ಹಿಡಿದು ಸಿದ್ಧರಾದರು. ನನಗೂ ಪಂಚೆ ಉಡಿಸಿದರು. ದೇವರ ದರ್ಶನವಾಗುವ ತನಕ ಯಾರಿಗೂ ತಿಂಡಿಯಿಲ್ಲ!

ಉದ್ಯಾನದ ಬಾಗಿಲಲ್ಲೇ ಘಾಟು ಮೂಗಿಗೆ ಬಡಿಯಿತು. ಒಳಗೆ ಕಣ್ಣು ಹಾಯಿಸಿದಷ್ಟು ದೂರ ಕರಿದ ಕೋಳಿ, ನೊರೆಯುಕ್ಕುವ ಬಿಯರು! ಅದು ಕೋಳಿ ಮತ್ತು ಬಿಯರಿನ ಹಬ್ಬ. ಯಾವ ಹಬ್ಬ ಎಂದು ನಾನು ಓದುವುದೊಂದು ಬಾಕಿ ಉಳಿದಿತ್ತು. ಮೊಟ್ಟೆಯನ್ನೂ ಮುಟ್ಟದ ಅತ್ತೆಯ ಮುಂದೆ ಒಬ್ಬ ತರುಣಿ ತಲೆಬಾಗಿ, ಎರಡೂ ಕೈಯಿಂದ, ಬಹಳ ಭಕ್ತಿಯಿಂದ ಕೋಳಿಕಾಲು ಚಾಚಿದಳು.

"ಇದೆಂಥ ಪ್ರಸಾದ ಮಾರಾಯ್ರೇ? ದೇವರೆಲ್ಲಿ?"

ವಸುಧಾ ನನ್ನನ್ನೇ ನೋಡಿದಳು. ಖಾತೆ ಅಲುಗಾಡಿತು.

ಸೋಲುವವನೇ ನಾನು? "ದೇವರು ಬೆಟ್ಟದ ಮೇಲಿದ್ದಾನೆ!" ಎಂದು ಘೋಷಿಸಿದೆ. ಅದೂ ನಿಜ. ಊರಾಚೆಯ ಬೆಟ್ಟದ ತುದಿಯಲ್ಲಿ, ಕಲ್ಲಿನ ಟೋಪಿ ಹೊತ್ತ ಬುದ್ಧನಿದ್ದಾನೆ. ಭಕ್ತಿಯಿಂದ ಬೇಡಿದರೆ ಒಂದೇ ಒಂದು ವರ ಕೊಡುತ್ತಾನಂತೆ.

ಮೆಟ್ಟಿಲುಗಳು ಮುಗಿಯುವ ಲಕ್ಷಣವೇ ಇರಲಿಲ್ಲ. ಖಾಲಿ ಹೊಟ್ಟೆಯ ನಾನು ಅರ್ಧದಾರಿಯಲ್ಲಿ ಪಂಚೆ ಎಡವಿ ಕುಸಿದು ಕೂತೆ. ಒಬ್ಬ ಕೊರಿಯನ್ ಅಜ್ಜಿ ಬೆನ್ನು ತಟ್ಟಿ, ಕೈಗೊಂದು ಸೌತೆಕಾಯಿ ಕೊಟ್ಟು ಮೇಲಕ್ಕೆ ಹೋದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಆಕೆಯ ಹಿಂದೆಯೇ ಹತ್ತಿದರು. ನನ್ನನ್ನು ತಿರುಗಿಯೂ ನೋಡಲಿಲ್ಲ.

ಇಳಿದು ಬಂದಾಗ ಅವರ ಮುಖದಲ್ಲಿ ಕಳೆಯೋ ಕಳೆ. "ದೇವರು ಚಂದ ಉಂಟು. ತಲೆಗೆ ಟೋಪಿ ಸಹ ಉಂಟು. ಆದ್ರೆ ನನಗೆ ಟೋಪಿ ಹಾಕಿದ್ದು ನೀವು!"

"ಖುಷಿ ಆಯ್ತಲ್ಲ ಅತ್ತೆ?" ನಾನು ಬಿಡಲಿಲ್ಲ.

"ಆಯ್ತು."

ವಸುಧಾಳತ್ತ ಗೆಲುವಿನ ನಗೆ ಬೀರಿದೆ. ಕರಾರಿನ ಪ್ರಕಾರ ಖಾತೆ ಭದ್ರ! ಅದೇ ಹುರುಪಿನಲ್ಲಿ, "ಏನು ವರ ಬೇಡಿದ್ರಿ?" ಎಂದು ಕೇಳಿಬಿಟ್ಟೆ.

"ಇನ್ನು ಅಳಿಯಂದಿರು ಟೂರ್ ಪ್ಲಾನ್ ಮಾಡುವುದು ಬೇಡ ದೇವರೇ, ಅಂತ."

ಆ ಬುದ್ಧ ಬಹಳ ಶಕ್ತಿವಂತ, ಒಪ್ಪಿಕೊಳ್ಳುತ್ತೇನೆ. ಈ ಭಾನುವಾರ ಎಲ್ಲರೂ ಇಲ್ಲೇ ಹತ್ತಿರದ ಮೆಲಾಕಾ ಊರಿಗೆ ಹೊರಟಿದ್ದೇವೆ. ಯೋಜನೆ ಇಶಾಳದು. ನನ್ನ ಕೆಲಸವೇನು ಎಂದು ಗಂಭೀರವಾಗಿ ವಿಚಾರಿಸಿದೆ. "ಬ್ಯಾಗ್ಸ್ ಲಾ, ಅಪ್ಪ!" ಅಂದಳು.

ಹೊರುತ್ತೇನೆ. ಆದರೆ ಯಾವುದು ಎಡಗೈಗೆ, ಯಾವುದು ಬಲಗೈಗೆ ಎಂಬುದನ್ನು ನಿರ್ಧರಿಸುವವನು ನಾನೇ!