ಹೆಸರು ಕೆಟ್ಟ ನಕ್ಷೆ

ನೀರು ಸರಬರಾಜು ಕಚೇರಿಯ ರೆಕಾರ್ಡ್ ಕೀಪರು ಹೋದ ತಿಂಗಳು ಒಂದು ದಿನದ ಕಂಪ್ಯೂಟರ್ ತರಬೇತಿಗೆ ಹೋಗಿಬಂದದ್ದೇ ತಪ್ಪಾಯಿತು. ಬೆಳಿಗ್ಗೆ ಹೋಗುವಾಗ ಅವರಿಗೆ ಏನೂ ಗೊತ್ತಿರಲಿಲ್ಲ, ಆದ್ದರಿಂದ ಯಾರಿಗೂ ತೊಂದರೆಯೂ ಇರಲಿಲ್ಲ. ಸಂಜೆ ಬರುವಾಗ ಅರ್ಧ ಗೊತ್ತಾಗಿತ್ತು.

"ಒಳಗೇನಿದೆ ಅಂತ ಹೆಸರು ನೋಡಿದರೇ ಗೊತ್ತಾಗಬೇಕು" ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಸರಿ, ಇವರು 'ನೀರು ಸರಬರಾಜು ಕಚೇರಿಯ ಸಮಸ್ತ ನಕ್ಷೆಗಳು' ಎಂಬ ಫೋಲ್ಡರ್ ಮಾಡಿದರು. ಅದರ ಹೊಟ್ಟೆಯೊಳಗೆ 'ಸಮಸ್ತ ನಕ್ಷೆಗಳ ಪೈಕಿ ಹಳೆಯ ನಕ್ಷೆಗಳು'. ಅದರೊಳಗೆ 'ಹಳೆಯ ನಕ್ಷೆಗಳ ಪೈಕಿ ನೆಲದಡಿಯ ಕೊಳವೆಗಳಿಗೆ ಸಂಬಂಧಪಟ್ಟವು'. ಅದರೊಳಗೆ 'ಸಂಬಂಧಪಟ್ಟವುಗಳ ಪೈಕಿ ಇನ್ನೂ ಬಳಕೆಯಲ್ಲಿರುವವು, ದಯವಿಟ್ಟು ಅಳಿಸಬೇಡಿ'. ಹೀಗೆ ಹನ್ನೊಂದು. ಸಹೋದ್ಯೋಗಿಗಳು ಅವರನ್ನು ಫೋಲ್ಡರಪ್ಪ ಎಂದು ಕರೆಯತೊಡಗಿದರು. ಅವರು ಅದನ್ನು ಬಿರುದೆಂದೇ ತಿಳಿದರು.

ಇವತ್ತು ಹತ್ತೂವರೆಗೆ ಪೈಪ್‌ಲೈನ್ ಮೇಸ್ತ್ರಿಯ ಫೋನು ಬಂತು.

"ಅಣ್ಣಾ, ಆಫೀಸಿನ ಹಿಂದಿನ ಬೀದೀಲಿ ದೊಡ್ಡ ಪೈಪು ಒಡೆದಿದೆ. ವಾಲ್ವ್ ಎಲ್ಲಿದೆ ಅಂತ ಹಳೇ ನಕ್ಷೆ ನೋಡಿ ಹೇಳಿ. ನೀರಲ್ಲಿ ಪಾದ ಮುಳುಗ್ತಿದೆ."

"ಎರಡೇ ನಿಮಿಷ" ಎಂದರು ಫೋಲ್ಡರಪ್ಪ, ಎದೆಯುಬ್ಬಿಸಿ. ಇಂಥ ದಿನಕ್ಕಾಗಿಯೇ ಅಲ್ಲವೇ ಅವರು ಅಷ್ಟೆಲ್ಲ ಜೋಡಿಸಿಟ್ಟದ್ದು?

ಹನ್ನೊಂದು ಬಾಗಿಲು ತೆಗೆದು ಒಳಗೆ ಹೋಗಿ ನೋಡಿದರೆ ನಕ್ಷೆಗಳ ಹೆಸರೇ ಇಲ್ಲ! ಆ ಜಾಗದಲ್ಲಿ 'ಕೆ ಸೊನ್ನೆ ಎಕ್ಸ್ ಬಿ', ಆಮೇಲೆ ಹುಳದಂಥ ಒಂದು ಡೊಂಕು ಗೆರೆ, ಕೊನೆಗೆ ಒಂದಂಕಿ. ಕೆಳಗಿನದ್ದೂ ಹಾಗೇ. ಇಡೀ ಪಟ್ಟಿ ಕನ್ನಡಕ ಮರೆತು ಬಂದ ವೈದ್ಯರ ಚೀಟಿಯಂತಿತ್ತು. ಒಂದರ ಮೇಲೆ ಒತ್ತಿದರು. 'ಈ ಕಡತ ಸಿಗುತ್ತಿಲ್ಲ' ಎಂದಿತು ಯಂತ್ರ. ಕಣ್ಣೆದುರೇ ಕೂತಿರುವ ಕಡತ! ಕಾಗದದ ಮೂಲ ನಕ್ಷೆಯೋ, ಗೆದ್ದಲಿನ ಪಾಲಾಗಿ ವರ್ಷವಾಗಿತ್ತು.

ಟೈಪಿಸ್ಟ್ ಅಕ್ಕ ಕುರ್ಚಿ ಎಳೆದುಕೊಂಡು ಬಂದರು. "ವೈರಸ್ಸು. ನಮ್ಮ ಭಾವನ ಕಂಪ್ಯೂಟರಿಗೂ ಹೀಗೇ ಆಗಿತ್ತು."

"ಆಮೇಲೆ ಏನು ಮಾಡಿದ್ರು?"

"ಮಾರಿಬಿಟ್ರು."

ಜೀಪಿನ ಡ್ರೈವರ್ ಬಾಗಿಲಿಂದಲೇ ಸಲಹೆ ಕೊಟ್ಟ. "ಆಫ್ ಮಾಡಿ ಆನ್ ಮಾಡಿ ಸಾರ್. ಜೀಪಿಗೂ ನಾನು ಅದನ್ನೇ ಮಾಡೋದು."

ಮಾಡಿದರು. ಹೊಸದಾಗಿ ಎದ್ದ ಯಂತ್ರ ಅದೇ ಹುಳುಗಳನ್ನು ತೋರಿಸಿತು. ಅಷ್ಟರಲ್ಲಿ ಮೇಸ್ತ್ರಿಯ ನೀರು ಮೊಣಕಾಲಿಗೆ ಬಂದಿತ್ತು. ಹಿಂದೆಯೇ ಹಿಟ್ಟಿನ ಗಿರಣಿಯ ಯಜಮಾನಿಯ ಫೋನು.

"ಏನ್ರೀ, ನೀರು ಹೊಸ್ತಿಲಿಗೆ ಬಂತು! ಜನರ ಧಾನ್ಯದ ಮೂಟೆ ಎಲ್ಲ ಕೆಳಗಿದೆ. ನಿಮಗೆ ವಾಲ್ವ್ ಸಿಗೋ ಹೊತ್ತಿಗೆ ಇಡೀ ಬೀದಿ ಕಣಕ ಆಗಿರುತ್ತೆ!"

ಇಂಜಿನಿಯರ್ ಸಾಹೇಬರು ಬಂದು ಹಿಂದೆ ನಿಂತರು. ಕೈಗಡಿಯಾರ ನೋಡಿಕೊಂಡರು. ಬೈದಿದ್ದರೆ ಫೋಲ್ಡರಪ್ಪನಿಗೆ ಎಷ್ಟೋ ಹಾಯೆನಿಸುತ್ತಿತ್ತು. ಬೆವರೊರೆಸಿಕೊಳ್ಳುತ್ತ ಅವರು ಕಂಪ್ಯೂಟರ್ ರಿಪೇರಿಯ ಹುಡುಗಿಗೆ ಫೋನು ಹಚ್ಚಿದರು. ಆಕೆ ನಾಲ್ಕು ಪ್ರಶ್ನೆ ಕೇಳಿದಳು.

"ಸಾರ್, ದಾರಿ ಉದ್ದ ಆಗಿದೆ."

"ದಾರಿ ಹತ್ತಿರಾನೇ ಇದೆಯಮ್ಮಾ, ಹಿಂದಿನ ಬೀದಿ! ಉದ್ದ ಆಗಿರೋದು ಪೈಪಿನ ಬಿರುಕು!"

"ಅದಲ್ಲ ಸಾರ್. ಹೊರಗಿನ ಫೋಲ್ಡರಿಂದ ನಕ್ಷೆವರೆಗೆ ಎಲ್ಲ ಹೆಸರನ್ನೂ ಸೇರಿಸಿ ಓದುತ್ತೆ ಯಂತ್ರ. ಸುಮಾರು ಇನ್ನೂರೈವತ್ತು ಅಕ್ಷರ ದಾಟಿದರೆ ಅದಕ್ಕೆ ಉಸಿರು ಕಟ್ಟುತ್ತೆ. ಆಗ ಹೆಸರನ್ನ ಕತ್ತರಿಸಿ ಹಂಗೆ ಹುಳ ಬಿಡುತ್ತೆ. ನಕ್ಷೆಗೇನೂ ಆಗಿಲ್ಲ. ಹೊರಗಿನ ಫೋಲ್ಡರುಗಳ ಹೆಸರು ಗಿಡ್ಡ ಮಾಡಿ, ಸರಿಹೋಗುತ್ತೆ. ಅಂದಹಾಗೆ, ಇಷ್ಟುದ್ದ ಹೆಸರು ಯಾರು ಸಾರ್ ಇಟ್ಟಿದ್ದು?"

ಫೋಲ್ಡರಪ್ಪ ಸಾಹೇಬರತ್ತ ನೋಡಲಿಲ್ಲ. "ಯಾರೋ ಅರ್ಧಂಬರ್ಧ ಕಲಿತವರಮ್ಮಾ."

"ಅವರನ್ನ ಕಂಪ್ಯೂಟರ್ ಹತ್ತಿರ ಬಿಡಬೇಡಿ."

"ಇಲ್ಲಮ್ಮಾ. ಅವರ ಮೇಲೆ ಒಂದು ಕಣ್ಣಿಟ್ಟಿರ್ತೀನಿ."

ಟೈಪಿಸ್ಟ್ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡರು.

'ಸಮಸ್ತ ನಕ್ಷೆಗಳು' ಹೋಗಿ 'ಅ' ಆಯಿತು. ಅದರೊಳಗಿನದ್ದು 'ಆ'. ಒಂದು ತಿಂಗಳು ಕೂತು ಪೋಣಿಸಿದ ಹೆಸರುಗಳನ್ನು ಹತ್ತು ನಿಮಿಷದಲ್ಲಿ ತಮ್ಮ ಕೈಯಾರೆ ಬೋಳಿಸಿದರು. ಆರನೆಯ ಫೋಲ್ಡರಿಗೆ 'ಊ' ಎಂದು ಒತ್ತುತ್ತಿದ್ದಂತೆ ಹುಳುಗಳೆಲ್ಲ ಮಾಯವಾಗಿ, ನಕ್ಷೆಗಳು ತಮ್ಮ ತಮ್ಮ ಹೆಸರು ಹೇಳಿಕೊಂಡು ಸಾಲಾಗಿ ನಿಂತವು. 'ಹಿಂಬೀದಿ ದೊಡ್ಡ ಪೈಪು'. ಒತ್ತಿದರು. ತೆರೆದುಕೊಂಡಿತು!

ಡ್ರೈವರ್ ಚಪ್ಪಾಳೆ ಹೊಡೆದ. ಸಾಹೇಬರು ಮೊದಲ ಸಲ ಬಾಯಿಬಿಟ್ಟರು. "ಭೇಷ್! ನೀವಿಲ್ಲದಿದ್ದರೆ ಇವತ್ತು ನಮ್ಮ ಮಾನ ಹೋಗ್ತಿತ್ತು." ಮಾನ ಹೋಗುವಷ್ಟು ತಡವಾದದ್ದೂ ತಮ್ಮಿಂದಲೇ ಎಂಬುದನ್ನು ನೆನಪಿಸುವ ಪ್ರಾಮಾಣಿಕತೆ ಫೋಲ್ಡರಪ್ಪನಿಗೆ ಆ ಕ್ಷಣ ಬರಲಿಲ್ಲ.

ನಕ್ಷೆ ಪ್ರಿಂಟಾಗಿ ಮೇಜಿನ ಮೇಲೆ ಹರಡಿತು. ತೊಡೆತನಕ ನೆನೆದ ಮೇಸ್ತ್ರಿ ಹಾರೆ ಹಿಡಿದು ತಾನೇ ಓಡಿಬಂದ. ಸಾಹೇಬರ ಬೆರಳು ಒಡೆದ ಜಾಗದಿಂದ ಹೊರಟು, ಗಿರಣಿ ದಾಟಿ, ಗೋಡೆಯೊಂದನ್ನು ಹಾದು ಒಂದು ಕೆಂಪು ಚುಕ್ಕೆಯ ಮೇಲೆ ನಿಂತಿತು.

"ವಾಲ್ವ್ ಇಲ್ಲಿ. ಪಂಪ್ ಮನೆಯ ಅಂಗಳ."

"ಪಂಪ್ ಮನೆ ಅಂದ್ರೆ ನಮ್ಮ ಈಗಿನ ಆಫೀಸೇ ಸಾರ್" ಎಂದ ಮೇಸ್ತ್ರಿ.

"ಅಂಗಳ?"

"ಅಂಗಳದ ಮೇಲೇ ಅಲ್ವಾ ಸಾರ್ ಆಮೇಲೆ ಈ ರೆಕಾರ್ಡ್ ರೂಮು ಎದ್ದಿದ್ದು."

ಸಾಹೇಬರು ಗೋಡೆಯಿಂದ ಹೆಜ್ಜೆ ಎಣಿಸುತ್ತ ಬಂದರು. ಐದು ಉದ್ದಕ್ಕೆ, ಮೂರು ಅಡ್ಡಕ್ಕೆ. ನಿಂತು ಬಗ್ಗಿ ನೋಡಿದರು.

"ಈ ಹೊಸ ಟೈಲ್ಸ್ ಯಾರು ಹಾಕಿಸಿದ್ದು?"

"ಕಂಪ್ಯೂಟರಿಗೆ ಧೂಳು ಆಗಿಬರಲ್ಲ ಅಂತ ಮೂರು ಅರ್ಜಿ ಬರೆದು ಇವರೇ ಹಾಕಿಸಿಕೊಂಡ್ರು" ಎಂದರು ಟೈಪಿಸ್ಟ್ ಅಕ್ಕ, ಯಾರಾದರೂ ಕೇಳಲಿ ಎಂದೇ ಕಾದಿದ್ದವರಂತೆ.

ಎಲ್ಲರೂ ಫೋಲ್ಡರಪ್ಪನ ಕುರ್ಚಿಯ ಕೆಳಗೆ ನೋಡಿದರು. ಅವರೂ ನೋಡಿಕೊಂಡರು. ಕಿವಿಗೊಟ್ಟರೆ ನೆಲದಡಿಯಿಂದ ಸಣ್ಣಗೆ ಜುಳುಜುಳು ಕೇಳಿಸುತ್ತಿತ್ತು.

ಡ್ರೈವರ್ ಕಂಪ್ಯೂಟರಿನ ವೈರುಗಳನ್ನು ಕಿತ್ತು ಅದನ್ನು ಮಗುವಿನಂತೆ ಎತ್ತಿಕೊಂಡು ಹೊರನಡೆದ. ಮೇಸ್ತ್ರಿ ಹಾರೆಯನ್ನು ಹೊಳೆಯುವ ಟೈಲ್ಸಿನ ಸಂದಿಗೆ ಇಟ್ಟು, ಮೆಲ್ಲಗೆ ಹೇಳಿದ:

"ಅಣ್ಣಾ, ಸ್ವಲ್ಪ ಕಾಲು ಎತ್ಕೊಳ್ಳಿ."