ಗಂಗಿ ನೆಕ್ಕಿದ ಜೋಗುಳ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಚಿತ್ರದ ಬಣ್ಣಕ್ಕೆ ಬೆಲ್ಲದ ಪಾಕ ಬೆರೆಸಿದವನು ನಾನೇ. ಬೇರೆ ಯಾರ ತಲೆಯೂ ಅಷ್ಟು ಓಡುವುದಿಲ್ಲ!

ನನ್ನ ವಿದ್ಯೆ ಚಿತ್ರ ಬರೆಯುವುದಲ್ಲ, ಅಣಕಿಸುವುದು. ಆಳಂದದ ಮಾಸ್ತರರ ಕೆಮ್ಮು, ನಮ್ಮೂರ ಪಟೇಲರ ಸೀನು, ಏರು ಹತ್ತಲಾರದ ಮೋಟಾರಿನ ನರಳಾಟ, ಎಲ್ಲವೂ ನನ್ನ ಗಂಟಲಲ್ಲೇ ಮನೆ ಮಾಡಿಕೊಂಡಿದ್ದವು. ಒಮ್ಮೆ ಜೇವರ್ಗಿಯ ಸಂತೆಯಲ್ಲಿ ಎಮ್ಮೆಯ ದನಿ ತೆಗೆದೆ. ಯಾರದೋ ಕರು ಊರಾಚೆಯವರೆಗೂ ನನ್ನ ಬೆನ್ನು ಬಿಡಲಿಲ್ಲ. ಬೇರೆಯವರು ಸಿಗದ ದಿನ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಅದು ಎಲ್ಲಕ್ಕಿಂತ ಸುಲಭ.

ಆಗ ಎಲ್ಲ ಕಡೆ ಸ್ವಾತಂತ್ರ್ಯ ಬಂದಿತ್ತು. ನಿಜಾಮರ ರಾಜ್ಯದಲ್ಲಿದ್ದ ನಮ್ಮ ಕಡೆಗೆ ಮಾತ್ರ ಅದಕ್ಕಿನ್ನೂ ದಾರಿ ಸಿಕ್ಕಿರಲಿಲ್ಲ. ರಜಾಕಾರರ ಭಯಕ್ಕೆ ಮಂದಿ ಖಜೂರಿಯ ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗುತ್ತಿದ್ದರು. ನಮ್ಮ ಅಕ್ಕನೂ ಗಂಡನ ಜೊತೆ, ಎರಡು ವರ್ಷದ ಮಗಳು ಗಂಗಿಯನ್ನು ಎತ್ತಿಕೊಂಡು ಹೋದಳು. ಗಂಗಿ ಹುಟ್ಟಿದ್ದು, ಬೆಳೆದದ್ದು ನಮ್ಮ ಮನೆಯಲ್ಲೇ. ಅವ್ವನನ್ನು 'ಆಯಿ' ಎಂದು ಕರೆಯುತ್ತಿದ್ದಳು, ಮಲಗುತ್ತಿದ್ದುದು ಅವಳ ಹಾಡಿಗೇ. ಹೊಲಮನೆ ಬಿಟ್ಟು ಬರಲಾರೆನೆಂದು ಅವ್ವ ಉಳಿದಳು, ಅವಳ ಜೊತೆ ನಾನು.

ಗಂಗಿ ಹೋದ ದಿನವೇ ಅವ್ವ ತೊಟ್ಟಿಲನ್ನು ತೊಲೆಗೆ ಎತ್ತಿ ಕಟ್ಟಿದಳು. ಖಾಲಿ ತೊಟ್ಟಿಲು ತೂಗಿದರೆ ಕೂಸಿಗೆ ಒಳ್ಳೆಯದಲ್ಲವಂತೆ. ಗಾಳಿಗೂ ಅಲುಗದ ಹಾಗೆ ಬಿಗಿದಿದ್ದಳು.

ಕೆಲವು ದಿನಗಳಾದ ಮೇಲೆ ಖಜೂರಿಯ ಗಾಡಿಯವನೊಬ್ಬ ಸುದ್ದಿ ತಂದ. "ಕೂಸು ಮಲಗವಲ್ದಂತ್ರಿ ಅವ್ವಾರ. ಆಯಿ ಹಾಡು ಬೇಕಂತ ಒಂದೇ ಹಟ."

ಅಕ್ಕ ಹಾಡಬಹುದಿತ್ತು. ಆದರೆ ಅಕ್ಕ ಹಾಡಿದರೆ ಮಲಗಿದವರೂ ಎದ್ದು ಕೂರುತ್ತಾರೆ!

ಅವ್ವ ರೊಟ್ಟಿ ಬಡಿಯಲು ಕುಳಿತಳು. ಕೊನೆಗೆ ಒಂದು ಪುಟ್ಟ ರೊಟ್ಟಿ ಬಡಿದಳು, ಗಂಗಿಯ ಅಳತೆಯದು. ಬಡಿದ ಮೇಲೆ ಗಂಗಿ ಇಲ್ಲವೆಂಬುದು ನೆನಪಾಯಿತೇನೋ, ಅದನ್ನೇ ನೋಡುತ್ತ ಕುಳಿತಳು. ಅದನ್ನು ನಾನೇ ತಿಂದೆ.

"ನನ್ನ ಮರತ ಬಿಡ್ತದ ಕೂಸು," ಎಂದಳು.

ತಕ್ಷಣ ನನಗೊಂದು ಮಹಾ ಉಪಾಯ ಹೊಳೆಯಿತು! ಮಾಸ್ತರರ ಮನೆಯಲ್ಲಿ ಮಕ್ಕಳ ಚಿತ್ರದ ಪುಸ್ತಕ ನೋಡಿದ್ದೆ. ಅವ್ವನ ಜೋಗುಳವನ್ನೇ ಹಾಗೆ ಮಾಡಿದರೆ? ಒಂದೊಂದು ಸಾಲಿಗೆ ಒಂದೊಂದು ಚಿತ್ರ, ಕೊನೆಯ ಪುಟದಲ್ಲಿ ಆಯಿಯ ಮುಖ. ನೋಡುತ್ತ ನೋಡುತ್ತ ಗಂಗಿ ಮಲಗಬೇಕು, ಅವ್ವನನ್ನು ಮರೆಯಬಾರದು.

"ಅವ್ವಾ, ಹಾಡು ಹೇಳು. ಬರ್ಕೋತೇನಿ."

"ಬರೇ ಬಾಯಿಲೆ ಬರಂಗಿಲ್ಲೋ ಅದು. ಕೈ ತೂಗಬೇಕು, ಆಗ ಬಾಯಿ ಹಾಡ್ತದ."

"ತೊಟ್ಟಿಲಾ ಇಳಸ್ತೇನಿ, ತೂಗು."

"ಖಾಲಿ ತೊಟ್ಟಿಲಾ ತೂಗಂತೀ? ಬುದ್ಧಿ ಎಲ್ಲಿ ಇಟ್ಟು ಬಂದೀ?"

ತೊಟ್ಟಿಲು ಇಳಿಸಿ ಒಂದು ಕುಂಬಳಕಾಯಿ ಇಟ್ಟೆ. ಅವ್ವ ಬಗ್ಗಿ ನೋಡಿದಳು. "ಇದಕ್ಯಾಕ ಜೋಗುಳ? ಇದು ಮಲಗೇ ಅದಲ್ಲೋ!"

ಬೇರೆ ದಾರಿ ಕಾಣಲಿಲ್ಲ. ಮೀಸೆ ಬಂದ ನಾನೇ, ಪೆನ್ಸಿಲು ಕಾಗದ ಹಿಡಿದು, ತೊಟ್ಟಿಲನ್ನು ಅಲಂಕರಿಸಿದೆ. ಮೊಣಕಾಲು ಎರಡೂ ಕಿವಿಯ ಹತ್ತಿರ ಬಂದವು. ಎಷ್ಟೋ ದಿನಗಳ ಮೇಲೆ ಅವ್ವ ನಕ್ಕಳು. ನಗುತ್ತಲೇ ತೂಗಿದಳು. ತೂಗುತ್ತಲೇ ಹಾಡು ಬಂತು. ಅದು ಅಫಜಲಪುರದ ಕಡೆಯ ಅವಳ ತವರಿನ ಹಾಡು.

*ಅಳಬ್ಯಾಡ ನನ ಕೂಸ, ಭೀಮಿ ದಂಡಿ ಹಸರಾಗ್ಯಾದ,*
*ಹಾಲಿನಂಥ ಚಂದಪ್ಪ ಹೊಳ್ಯಾಗ ಇಳದಾನ,*
*ಕುದರಿ ಏರಿ ಸ್ವಾದರಮಾವ ಬರತಾನ...*

ಮುಂದಿನ ಸಾಲಿನಲ್ಲಿ ಕೂಸಿನ ಹೆಸರು ಸೇರಿಸಬೇಕು. "ನನ್ನ ಗಂ..." ಎಂದವಳ ದನಿ ನಿಂತಿತು. ಕೈಯೂ ನಿಂತಿತು. ಅದೇ ಹೊತ್ತಿಗೆ ತೊಟ್ಟಿಲ ಹಗ್ಗಕ್ಕೂ ಸಾಕೆನಿಸಿ ಅದು ಕಿತ್ತುಕೊಂಡಿತು. ಧಡ್! ಪೆಟ್ಟು ನನಗೆ, ಕಣ್ಣೀರು ಅವ್ವನಿಗೆ. ಒಂದಕ್ಕೊಂದು ಸಂಬಂಧವಿರಲಿಲ್ಲ.

ಸೊಂಟ ಹಿಡಿದುಕೊಂಡೇ ಚಿತ್ರಕ್ಕೆ ಕುಳಿತೆ. ಚಂದಪ್ಪನಿಗೆ ಅಕ್ಕಿ ಹಿಟ್ಟು, ಭೀಮಾ ನದಿಯ ದಂಡೆಗೆ ಸೊಪ್ಪಿನ ರಸ, ಕುದುರೆಗೆ ಅರಿಸಿನ. ಒಣಗಿದ ಬಣ್ಣ ಉದುರಬಾರದೆಂದು ಎಲ್ಲಕ್ಕೂ ಧಾರಾಳವಾಗಿ ಬೆಲ್ಲದ ಪಾಕ. ಅವ್ವನ ಮುಖವನ್ನು ಮಾತ್ರ ದೀಪದ ಕಾಡಿಗೆಯಲ್ಲಿ ಬರೆದೆ. ಕುದುರೆ ಆಡಿನ ಕಡೆಗೆ ವಾಲಿತು. ಅದರ ಮೇಲೆ ಕುಳಿತ ನಾನೂ ಅದರ ಸಂಬಂಧಿಕನ ಹಾಗೆಯೇ ಕಾಣುತ್ತಿದ್ದೆ.

ಕೊನೆಯ ಪುಟವನ್ನು ಅವ್ವ ದೂರ ಹಿಡಿದು ನೋಡಿದಳು. "ಇದ್ಯಾವ ಗೂಬಿ?"

"ನೀನೇ ಅವ್ವಾ."

"ಹಂಗಾದ್ರ ಕೂಸು ನನ್ನ ಮರತ್ರನ ಛಲೋ."

ಆದರೂ ಪುಸ್ತಕವನ್ನು ಸೀರೆಯ ತುಂಡಿನಲ್ಲಿ ಜೋಪಾನವಾಗಿ ಕಟ್ಟಿಕೊಟ್ಟಳು.

ಖಜೂರಿಯ ಆಚೆ ಗಡಿಯ ತಪಾಸಣೆ ನಾಕಾದಲ್ಲಿ ನಿಜಾಮರ ಸಿಪಾಯಿಯೊಬ್ಬ ಗಂಟು ಬಿಚ್ಚಿಸಿದ. ಮೊದಲು ಇರುವೆಗಳು ಹೊರಬಂದವು, ಆಮೇಲೆ ಪುಸ್ತಕ. ನದಿ ನೋಡಿದ, ಕುದುರೆ ನೋಡಿದ, ಹುಬ್ಬು ಗಂಟಿಕ್ಕಿದ. "ಯೇ ಕ್ಯಾ ನಕ್ಷಾ ಹೈ?"

ಹೊಳೆ ದಾಟುವ ಗುಪ್ತ ದಾರಿಯ ನಕ್ಷೆಯಂತೆ! "ನಕ್ಷಾ ಅಲ್ರೀ ಸಾಹೇಬ್ರ, ಜೋಗುಳ ಅದರೀ," ಎಂದೆ. ಅವನು ನಂಬಲಿಲ್ಲ. ಭಯಕ್ಕೆ ನನ್ನ ದನಿ ಉಡುಗಿ ಹೋಗಿ ಅವ್ವನ ದನಿ ಹೊರಗೆ ಬಂತು. ಅವಳ ಮೂಗಿನ ರಾಗ, ಎರಡು ಸಾಲಿನ ನಡುವೆ ನಶ್ಯ ಏರಿಸುವ ಸದ್ದು, ಎಲ್ಲ ಸೇರಿಸಿ ಹಾಡಿದೆ. ಸಿಪಾಯಿ ರಸ್ತೆಯ ಕಡೆ ಮುಖ ಮಾಡಿ, ತನ್ನ ಊರು ಯಾವ ದಿಕ್ಕಿಗಿದೆಯೆಂದು ಹುಡುಕುವವನಂತೆ ನಿಂತ. ಆಮೇಲೆ ಪುಸ್ತಕ ಕೈಗಿಟ್ಟ. "ಬಸ್ ಕರೋ ಮಿಯಾಂ. ಡ್ಯೂಟಿ ಪೋ ನೀಂದ್ ಆತಿ!"

ಕೆಲಸದ ಮೇಲಿದ್ದವನಿಗೇ ನಿದ್ದೆ ಬಂದ ಮೇಲೆ ಗಂಗಿ ಯಾವ ಲೆಕ್ಕ? ಎದೆಯುಬ್ಬಿಸಿ ನಡೆದೆ.

ಅಕ್ಕ ಒಂದು ತಗಡಿನ ಮನೆಯಲ್ಲಿದ್ದಳು. ಗಂಗಿ ನನ್ನನ್ನು ಕಂಡು ಹಿಂದೆ ಸರಿದಳು. ಪುಸ್ತಕ ಕಂಡು ಮುಂದೆ ಬಂದಳು. ಮೂಸಿದಳು. ಒಂದು ಇರುವೆ ಊದಿದಳು. ಆಮೇಲೆ ನಾಲಿಗೆ ಚಾಚಿ ಚಂದಪ್ಪನನ್ನು ನೆಕ್ಕಿದಳು!

"ಅಕ್ಕಾ! ಹಿಡಿ ಅಕೀನ್ನ!"

ಹಿಡಿಯುವಷ್ಟರಲ್ಲಿ ಭೀಮಾ ನದಿ ಬತ್ತಿತ್ತು. ಕುದುರೆ ಹೋಯಿತು, ಅದರ ಮೇಲಿದ್ದ ಸೋದರಮಾವನೂ ಹೊಟ್ಟೆ ಸೇರಿದ. ಕೊನೆಯ ಪುಟದಲ್ಲಿ ಕಾಡಿಗೆಯ ಆಯಿ ಕಹಿಯಾದಳು. ಗಂಗಿ ಕಪ್ಪು ಬಾಯಿ ತೆರೆದು ಇಡೀ ಓಣಿಗೆ ಕೇಳುವ ಹಾಗೆ ಅಳತೊಡಗಿದಳು.

"ಅಲ್ಲಲೇ ಖೋಡಿ, ನೋಡೋ ಪುಸ್ತಕಾ ತರ್ತಾರೋ, ನೆಕ್ಕೋ ಪುಸ್ತಕಾ ತರ್ತಾರೋ?" ಎಂದು ಅಕ್ಕ ಬೈಯುತ್ತಲೇ ಮಗುವಿನ ಬಾಯಿ ಒರೆಸಿದಳು.

ಸಂಜೆಯಾಯಿತು, ಅಳು ನಿಲ್ಲಲಿಲ್ಲ. ಪುಸ್ತಕವೂ ಉಳಿದಿರಲಿಲ್ಲ. ಕೊನೆಗೆ ಅಕ್ಕನ ಸೀರೆಯಿಂದ ಜೋಲಿ ಕಟ್ಟಿ, ಗಂಗಿಯನ್ನು ಮಲಗಿಸಿ, ತೂಗುತ್ತ ಅವ್ವನ ದನಿ ತೆಗೆದೆ. ನಶ್ಯದ ಸದ್ದು ಬಂದದ್ದೇ ತಡ, ಅಳು ನಿಂತಿತು. ಗಂಗಿ ಕತ್ತು ಎತ್ತಿದಳು. ನನ್ನನ್ನು ನೋಡಲಿಲ್ಲ, ನನ್ನ ಹಿಂದಿನ ಬಾಗಿಲು ನೋಡಿದಳು. ಯಾರೂ ಬರಲಿಲ್ಲ. ಬಾಗಿಲು ನೋಡುತ್ತಲೇ ಕಣ್ಣು ಮುಚ್ಚಿದಳು.

ಮುಗಿಯಿತೆಂದು ಬಾಯಿ ಮುಚ್ಚಿದೆ. ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದ ಅಕ್ಕ, "ಇನ್ನೊಮ್ಮೆ ಹಾಡೋ," ಎಂದಳು.

ಊರಿಗೆ ಮರಳಿದವನ ಗತ್ತು ಕೇಳಬೇಡಿ! ಹೊಸ್ತಿಲಲ್ಲೇ ಶುರು ಮಾಡಿದೆ. ಸಿಪಾಯಿಯನ್ನು ಗೆದ್ದದ್ದು, ಪುಸ್ತಕ ಕರಗಿದ್ದು, ಅವ್ವನ ದನಿಯಿಂದಲೇ ಕೂಸನ್ನು ಮಲಗಿಸಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದೆ. ಅವ್ವ ಗದ್ದಕ್ಕೆ ಕೈ ಕೊಟ್ಟು ಕೇಳಿದಳು. "ಕೂದಲಾ ಬೆಳದಾವೇನು? ನನ್ನ ಕೇಳಿದಳೇನು?" ಕೊನೆಗೆ ಇನ್ನಷ್ಟು ಹತ್ತಿರ ಸರಿದಳು. "ಈಗ ಹೆಂಗ ಮಾತಾಡ್ತಾಳೋ? ಆಯಿ ಅಂತ ಹೆಂಗ ಅಂತಾಳ? ಒಮ್ಮೆ ಮಾಡಿ ತೋರ್ಸು."

ಬಾಯಿ ತೆರೆದೆ. ಪಟೇಲರ ಸೀನು ಬಂತು. ಮೋಟಾರು ಬಂತು. ಗಂಗಿ ಬರಲಿಲ್ಲ. ಅಲ್ಲಿದ್ದಷ್ಟು ಹೊತ್ತೂ ನಾನೇ ಹಾಡಿದ್ದೆ, ನಾನೇ ಕೇಳಿಸಿಕೊಂಡಿದ್ದೆ.

ಅವ್ವ ಇನ್ನೂ ಸ್ವಲ್ಪ ಕಾದಳು. ಆಮೇಲೆ ಸೆರಗು ಕೊಡವಿಕೊಂಡು ಎದ್ದಳು.

"ಊರ ಮಂದಿ ದನಿ ಎಲ್ಲಾ ಕದ್ದು ತಂದೀ. ನನ್ನ ದನಿ ಒಯ್ದು ಅಕೀಗಿ ಕೊಟ್ಟೀ, ಛಲೋ ಆಯ್ತು. ಅಕೀ ದನಿ ಒಂದೀಟು ನನಗ ತರಾಕ ನಿನಗ ಏನ್ ದಾಡಿ ಆಗಿತ್ತೋ?"