ದವಡೆ ಪಕ್ಷದ ಮಾವ

ನಮ್ಮ ಸೋದರಮಾವನಿಗೆ ಹುಳದ ಬಾಯಿ ಕಂಡಷ್ಟು ಚೆನ್ನಾಗಿ ಮನುಷ್ಯರ ಮುಖ ಕಾಣುವುದಿಲ್ಲ! ಕೊಟ್ಟೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದರೂ ಜೇಬಿನಲ್ಲಿ ಭೂತಗನ್ನಡಿ ಇದ್ದೇ ಇರುತ್ತದೆ. ಅವನ ಪ್ರಕಾರ ಹುಳ, ಚೇಳು, ಏಡಿಯಂಥ ಕೀಲುಗಾಲಿನ ಜೀವಿಗಳಲ್ಲಿ ಇರುವುದು ಎರಡೇ ಪಕ್ಷ: ದವಡೆ ಇರುವವು, ದವಡೆ ಇಲ್ಲದವು.

ಕೂಡ್ಲಿಗಿಯ ನಮ್ಮ ಮನೆಯ ಬಚ್ಚಲಿಗೆ ಒಮ್ಮೆ ಚೇಳು ಬಂದಿತ್ತು. ನಾನು ಕಿರುಚಿಕೊಂಡರೆ ಮಾವ ಅದರ ಮುಂದೆ ಮಂಡಿಯೂರಿ ಕುಳಿತ.

"ಹೆದರಬ್ಯಾಡಲೇ, ಇದಕ್ಕ ದವಡಿ ಇಲ್ಲ."

"ಕೊಂಡಿ ಐತಲ್ಲ ಮಾವಾ!"

"ಕೊಂಡಿ ಲೆಕ್ಕಕ್ಕ ಬರಂಗಿಲ್ಲ."

ಯಾರ ಲೆಕ್ಕಕ್ಕೆ? ಕುಟುಕಿಸಿಕೊಳ್ಳುವವರ ಲೆಕ್ಕ ಬೇರೆಯೇ ಇರುತ್ತದಲ್ಲ!

ಮಾಗಳದ ಬೀಗರ ಮನೆಯಲ್ಲಿ ಹೊಳೆಯ ಏಡಿಯ ಸಾರು ಬಡಿಸಿದಾಗ, "ಇರುವಿ, ಜರಿಹುಳ, ಏಡಿ, ಮೂರೂ ದವಡಿ ಪಕ್ಷ, ಒಂದ ಮನಿತನದವು" ಎಂದುಬಿಟ್ಟ. ತುತ್ತು ಎತ್ತಿದ ಕೈಗಳೆಲ್ಲ ಅಲ್ಲೇ ನಿಂತವು. ಏಡಿಗೂ ಚೇಳಿಗೂ ಒಂದೇ ಥರದ ಇಕ್ಕಳ ಇದೆಯಲ್ಲ, ಅವು ಅಣ್ಣತಮ್ಮ ಅಲ್ಲವೇ ಎಂದೆ. ಅಲ್ಲವಂತೆ. ಹಾಗಾದರೆ ಅಗಿಯದೆ ಹೀರುವ ಸೊಳ್ಳೆ? ಅದು ದವಡೆ ಪಕ್ಷವಂತೆ, ದವಡೆಯೇ ಸೂಜಿಯಾಗಿದೆಯಂತೆ! ನನ್ನ ತಲೆ ಮೊಸರುಗಡಿಗೆಯಾಯಿತು.

ಗೊಂದಲವಾಗದೆ ಇದ್ದವಳು ಅವ್ವ ಒಬ್ಬಳೇ, ಏಕೆಂದರೆ ಅವಳು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. "ಆತು ಬಿಡೋ ತಮ್ಮಾ, ರೊಟ್ಟಿ ತಿನ್ನು" ಎಂದು ತಟ್ಟೆಗೆ ಬಿಸಿರೊಟ್ಟಿ ಹಾಕುತ್ತಿದ್ದಳು. ಮಾವ ರೊಟ್ಟಿ ಮುರಿಯತೊಡಗುತ್ತಿದ್ದ.

ಆ ಅವ್ವನಿಗೆ ಲಕ್ವಾ ಹೊಡೆಯಿತು. ಒಂದು ಕಾಲು ಬಿದ್ದುಹೋಯಿತು, ಬಾಯಿ ಸೊಟ್ಟಗಾಯಿತು, ಅಗಿಯಲು ಬಾರದಾಯಿತು. ಗಂಜಿ ಹಿಡಿದರೆ "ಕೂಸೇನು ನಾನು?" ಎಂದು ಮುಖ ತಿರುಗಿಸುವಳು. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು. ನನಗೂ ನನ್ನ ಗಂಡನಿಗೂ ದಿಕ್ಕೇ ತೋಚಲಿಲ್ಲ.

ಮಾವ ಬಂದ. ಬಂದವನು ಅಕ್ಕನ ಮುಖ ಬಿಟ್ಟು ಸೂರಿನ ಮೂಲೆ ನೋಡುತ್ತ ನಿಂತ. ನನಗೆ ಸಿಟ್ಟು ನೆತ್ತಿಗೇರಿತು.

"ಅಕ್ಕಾ, ಅಲ್ನೋಡು ಜೇಡ. ಅದಕ್ಕೂ ದವಡಿ ಇಲ್ಲ. ಹಿಡಿದ ಹುಳಾನ ಸಾರು ಮಾಡ್ಕೊಂಡು ಹೀರತೈತಿ. ಅದೇನು ಕೂಸಾ? ಬ್ಯಾಟಿಗಾರ!"

ಅವ್ವ ತೊದಲಿದಳು: "ಅದಕ್ಕ ಎಂಟು ಕಾಲು. ನನಗ ಒಂದ."

"ಯಾಕ? ಬಿದ್ದದ್ದೂ ಹಿಡಿದು ನಿನ್ನವೆರಡು, ನನ್ನವೆರಡು, ಇವರಿಬ್ಬರವು ನಾಕು. ಆಗಲಿಲ್ಲೇನು ಎಂಟು?"

ಅವ್ವನ ಸೊಟ್ಟ ಬಾಯಿ ನಕ್ಕಿತು. ನನಗೆ ಅಳು ತಡೆಯಲಾಗಲಿಲ್ಲ. ಮಾವ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ, ಗಂಜಿಯಷ್ಟು ಮೆತ್ತಗಾಗುವವರೆಗೆ ಕಿವುಚಿ, ಚಮಚ ಹಿಡಿದ.

"ಆತು ಬಿಡಕ್ಕಾ, ರೊಟ್ಟಿ ತಿನ್ನು."

ಅವ್ವ ಬಾಯಿ ತೆರೆದಳು.